ಗೋರ್ವಾದ ಸಮ್ಮೋಹನಾಚಾರ್ಯರ ಕೆಂಪು ನೋಟ್‌ಬುಕ್

ಹಯವದನ ಕಟ್ಟಿಯವರು ವಿಮಾ ಕಂಪನಿಯಿಂದ ನಿವೃತ್ತರಾದ ಮೂರನೇ ತಿಂಗಳಲ್ಲಿ ಮನುಷ್ಯನ ಸುಪ್ತ ಮನಸ್ಸಿನ ಮೇಲೆ ದಂಡೆತ್ತಿ ಹೋಗುವ ನಿರ್ಧಾರ ಮಾಡಿದರು. ನಾಲ್ಕು ಭಾನುವಾರ ವಡೋದರಾದಿಂದ ಬೆಳಗಿನ ರೈಲು ಹಿಡಿದು ಅಹಮದಾಬಾದಿಗೆ ಹೋದರು. ಅಲ್ಲಿ ವಸ್ತ್ರಾಪುರದ ಕೆರೆಯ ಹತ್ತಿರ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಸಮ್ಮೋಹನ ವಿದ್ಯೆ ಕಲಿಸುತ್ತಿದ್ದರು. ಐದನೇ ಭಾನುವಾರದ ಹೊತ್ತಿಗೆ ವಡೋದರಾದ ಗೋರ್ವಾ ಬಡಾವಣೆಯ ಅವರ ಮನೆಯ ಗೋಡೆಯ ಮೇಲೆ, ವೆಂಕಟರಮಣನ ಕ್ಯಾಲೆಂಡರಿನ ಪಕ್ಕದಲ್ಲಿ, ಲ್ಯಾಮಿನೇಟ್ ಆದ ಪ್ರಮಾಣಪತ್ರ ನೇತಾಡುತ್ತಿತ್ತು. ಅದನ್ನು ನೋಡಿ ಯಾರಾದರೂ ವಶೀಕರಣ ಕಲಿತಿರಾ ಎಂದು ಕೇಳಿದರೆ ಕಟ್ಟಿಯವರ ಮೀಸೆ ನಿಮಿರುತ್ತಿತ್ತು. ವಶೀಕರಣ ವಿದ್ಯುತ್ ಕಂಬಕ್ಕೆ ಚೀಟಿ ಅಂಟಿಸುವವರದು, ತಮ್ಮದು ಶಾಸ್ತ್ರ ಎನ್ನುತ್ತಿದ್ದರು.

ಶಾಸ್ತ್ರ ಹೌದು, ಆದರೆ ಜನ ಶಾಸ್ತ್ರದಂತೆ ನಡೆಯುತ್ತಿರಲಿಲ್ಲ. ಮೊದಲು ಸಿಕ್ಕವರು ಕನ್ನಡ ಸಂಘದ ಬಸವರಾಜ. ಕಣ್ಣು ಮುಚ್ಚಿಸಿದ ಕೂಡಲೇ ಅವರು ನಗಲು ಶುರುಮಾಡಿ, ಹೊಟ್ಟೆ ಹಿಡಿದುಕೊಂಡು ಸೋಫಾದಿಂದ ಕೆಳಗಿಳಿದರು. ಎರಡನೆಯವರು ಸ್ವಂತ ಹೆಂಡತಿ ಅನಸೂಯ. ಎರಡೇ ನಿಮಿಷದಲ್ಲಿ ಆಕೆ ಮುಳುಗಿಬಿಟ್ಟಾಗ ಕಟ್ಟಿಯವರಿಗೆ ಆನಂದವಾಯಿತು. ಕೇಳಿಸುತ್ತಿದ್ದರೆ ತೋರುಬೆರಳು ಎತ್ತು ಎಂದರು. ಬೆರಳು ಏಳಲಿಲ್ಲ, ಗೊರಕೆ ಬಂತು. ಎದ್ದ ಮೇಲೆ ಅನಸೂಯ ಹೇಳಿದ್ದಿಷ್ಟು: "ನೀವು ಪಾಲಿಸಿ ಕರಾರು ಓದಿಧಾಂಗ ಓದಿದ್ರಿ. ಮೂವತ್ತು ವರ್ಷದಿಂದ ನನಗ ಅದಕ್ಕ ನಿದ್ದಿ ಬರ್ತದ."

ಕಟ್ಟಿಯವರು ಕುಗ್ಗಲಿಲ್ಲ. ಕೆಂಪು ರಟ್ಟಿನ ಒಂದು ನೋಟ್‌ಬುಕ್ ತಂದರು. ಕ್ಲೇಮು ಪರಿಶೀಲಿಸುತ್ತಿದ್ದ ಕಾಲದ ಅಭ್ಯಾಸದಂತೆ ಎಡಪುಟದಲ್ಲಿ ತೊಂದರೆ, ಬಲಪುಟದಲ್ಲಿ ಪರಿಹಾರ. ನಗುವವರನ್ನು ತಡೆಯಬಾರದು, ಪ್ರತಿ ನಗುವಿನೊಂದಿಗೆ ಮೈ ಇನ್ನಷ್ಟು ಸಡಿಲಾಗುತ್ತಿದೆ ಎನ್ನಬೇಕು. ನಿದ್ದೆ ಹೋಗುವವರನ್ನು ಒರಗಿಸಬಾರದು, ನೆಟ್ಟಗೆ ಕೂರಿಸಿ ನಡುನಡುವೆ ಬೆರಳು ಎತ್ತಿಸಬೇಕು. ಮೂಗು ತುರಿಸಿದರೆ ಕೆರೆದುಕೊಳ್ಳಲು ಬಿಡಬೇಕು. ಹೀಗೆ ಹನ್ನೊಂದು ತೊಂದರೆಗಳೂ ಹನ್ನೊಂದು ಪರಿಹಾರಗಳೂ ತುಂಬಿದ ಮೇಲೆ ತಮಗಿನ್ನು ಎದುರಿಲ್ಲ ಎಂದು ಅವರಿಗೆ ಖಾತ್ರಿಯಾಯಿತು.

ಆಗ ಬಂದದ್ದು ಕಮಲಾಕ್ಷಿಯವರ ಪ್ರಕರಣ.

ಕಮಲಾಕ್ಷಿ ತುಮಕೂರಿನ ಕಡೆಯವರು. ಗಂಡ ಸತ್ಯಪ್ರಕಾಶ ಅದೇ ವಿಮಾ ಕಂಪನಿಯಲ್ಲಿ ಕಟ್ಟಿಯವರ ಕೈಕೆಳಗೆ ಕೆಲಸ ಮಾಡಿದವರು, ಇನ್ನೂ ನಾಲ್ಕು ವರ್ಷ ಸೇವೆ ಉಳಿದವರು. ಆರು ತಿಂಗಳಿಂದ ಕಮಲಾಕ್ಷಿಯವರಿಗೆ ಸೊಂಟದಿಂದ ಎಡಗಾಲಿನವರೆಗೆ ಜೋಮು. ತರಕಾರಿ ತರಲು ಹೋದರೆ ದಾರಿಯಲ್ಲಿ ಎರಡು ಸಲ ಕೂರಬೇಕು. ಎಂಆರ್‌ಐ ಚಿತ್ರ ನೋಡದೆ ಕೈಹಾಕುವುದಿಲ್ಲ, ತಡಮಾಡಿದರೆ ಕಾಲು ಕೈಕೊಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಕಮಲಾಕ್ಷಿ ಎರಡು ಸಲ ಕೊಳವೆಯಂಥ ಆ ಯಂತ್ರದೊಳಗೆ ಮಲಗಿದ್ದರು. ಎರಡು ಸಲವೂ ಉಸಿರು ಕಟ್ಟಿದಂತಾಗಿ, ತೊಂದರೆಯಾದರೆ ತಿಳಿಸಲೆಂದು ಕೈಯಲ್ಲಿ ಕೊಟ್ಟಿದ್ದ ರಬ್ಬರ್ ಗುಂಡನ್ನು ಅದುಮಿ ಹೊರಬಂದಿದ್ದರು. ಆಸ್ತಮಾ ಇದ್ದುದರಿಂದ ಮಂಪರಿನ ಮದ್ದು ಕೊಡಲು ಡಾಕ್ಟರು ಒಪ್ಪಿರಲಿಲ್ಲ. ಗುರುವಾರ ಹತ್ತು ಗಂಟೆಗೆ ಮೂರನೇ ಸಲ. ಆಗದಿದ್ದರೆ ಕಾಲು ಹೇಗಿದೆಯೋ ಹಾಗೇ ಇರಲಿ, ಇನ್ನು ಆ ಕೊಳವೆಯ ಕಡೆ ತಲೆಹಾಕುವುದಿಲ್ಲ ಎಂದು ಆಕೆ ಹೇಳಿಬಿಟ್ಟಿದ್ದರು.

ಆ ಭಯ ಬಿಡಿಸಲು ಸೋಮವಾರ ಮಧ್ಯಾಹ್ನ ಕಟ್ಟಿಯವರ ಹಾಲ್‌ನಲ್ಲಿ ಯುದ್ಧ ಆರಂಭವಾಯಿತು. ಪಕ್ಕದ ಮನೆಯ ಕುಕ್ಕರ್ ಕೂಗಿತು. ಪರಿಹಾರ ಸಿದ್ಧವಿತ್ತು: ಹೊರಗಿನ ಒಂದೊಂದು ಸದ್ದೂ ನಿಮ್ಮನ್ನು ಒಂದೊಂದು ಹಂತ ಆಳಕ್ಕೆ ಇಳಿಸುತ್ತಿದೆ ಎಂದರು. ಕಮಲಾಕ್ಷಿ ಕಣ್ಣು ಮುಚ್ಚಿಕೊಂಡೇ, "ಮೂರು ಕೂಗಾಯ್ತು, ಇನ್ನು ಒಲೆ ಆರಿಸ್ಬೇಕು" ಎಂದರು. ಮಂಗಳವಾರ ಬೇರೆ ಬಗೆಯ ತೊಂದರೆ. ಬಲಗೈ ಹತ್ತಿಯಂತೆ ಹಗುರಾಗಿ ತಾನಾಗಿ ಮೇಲೇಳುತ್ತದೆ ಎಂದ ಕೂಡಲೇ, ಹಾಜರಿ ಹೇಳುವ ಹುಡುಗಿಯಂತೆ ಕೈಯನ್ನು ನೆಟ್ಟಗೆ ಎತ್ತಿಬಿಟ್ಟರು. ತಾನಾಗಿ ಎದ್ದಿತೇ ಎಂದು ಕೇಳಿದ್ದಕ್ಕೆ ಇಲ್ಲ, ನಾನೇ ಎತ್ತಿದೆ ಎಂದರು. ಗಂಡನಿಗೆ ಮೇಲಧಿಕಾರಿಯಾಗಿದ್ದವರ ಮಾತು ತೆಗೆದುಹಾಕುವುದು ಹೇಗೆ ಎನ್ನುವುದು ಆಕೆಯ ಸಂಕೋಚ.

ಕಟ್ಟಿಯವರು ಬ್ರಹ್ಮಾಸ್ತ್ರ ತೆಗೆದರು. ಕೋರ್ಸಿನಲ್ಲಿ ಹೇಳಿಕೊಟ್ಟಿದ್ದ, ಯಾರ ಮೇಲೂ ಹುಸಿಹೋಗದು ಎನ್ನುವ ಅಸ್ತ್ರ.

"ಈಗ ನಿಮ್ಮ ಮನಿಯೊಳಗ ಹೋಗ್ರಿ. ಎಲ್ಲಾ ಆರಾಮ ಅದ. ಯಾವ ಚಿಂತಿನೂ ಇಲ್ಲ."

ಕಮಲಾಕ್ಷಿಯವರ ಹುಬ್ಬು ಗಂಟಾಯಿತು.

"ಯಾವ ಮನೆ ಸಾರ್?"

"ನಿಮಗ ಬೇಕಾದ ಮನಿ."

ಆಕೆ ಹುಡುಕತೊಡಗಿದರು. ಮದುವೆಯಾದ ಮೇಲೆ ಒಂಬತ್ತು ವರ್ಗಾವಣೆ, ಒಂಬತ್ತು ಬಾಡಿಗೆ ಮನೆ. ಕೊನೆಗೆ ಭೋಪಾಲದ್ದು ಎಂದು ಗೊಣಗಿದರು. ಆದರೆ ಉಸಿರು ನಿಧಾನವಾಗುವ ಬದಲು ಜೋರಾಯಿತು, ಮಡಿಲಲ್ಲಿ ಬೆರಳುಗಳು ಗಂಟು ಕಟ್ಟುವಂತೆ ಓಡಾಡಿದವು. ಕಟ್ಟಿಯವರು ಗಾಬರಿಯಾಗಿ ಕಣ್ಣು ತೆರೆಸಿ, ಒಳಗೆ ಏನು ಮಾಡುತ್ತಿದ್ದಿರಿ ಎಂದು ಕೇಳಿದರು.

"ಪಾತ್ರೆ ಕಟ್ತಿದ್ದೆ ಸಾರ್. ಹಳೇ ಪೇಪರ್ ಸಾಲ್ದಾಗಿತ್ತು."

ಕಟ್ಟಿಯವರು ಕೆಂಪು ನೋಟ್‌ಬುಕ್ಕನ್ನು ಮೊದಲಿಂದ ಕೊನೆಯವರೆಗೆ ತಿರುವಿದರು. ಮನೆಯೊಳಗೆ ಕಳಿಸಿದರೆ ಸಾಮಾನು ಕಟ್ಟುವವರಿಗೆ ಅದರಲ್ಲಿ ಪರಿಹಾರ ಇರಲಿಲ್ಲ. ಅವರು ತಲೆ ಎತ್ತುವಷ್ಟರಲ್ಲಿ ಅನಸೂಯ ಚಹಾದ ಟ್ರೇ ಹಿಡಿದು ಬಂದು, ಅದನ್ನು ಕಮಲಾಕ್ಷಿಯವರ ಮುಂದಿಟ್ಟು ಪಕ್ಕದಲ್ಲೇ ಕೂತರು.

"ಮನಿ ಬಿಡ್ರಿ. ಮನಿ ಅಂದ್ರ ಕೆಲಸನಽ. ನಿಮಗ ಕೆಲಸ ಇಲ್ಲದ ಜಾಗ ಯಾವುದು ಹೇಳ್ರಿ?"

ಕಮಲಾಕ್ಷಿ ಅರ್ಧ ಚಹಾ ಕುಡಿದು ಲೋಟ ಕೆಳಗಿಟ್ಟರು. ಅಂಥ ಪ್ರಶ್ನೆಯನ್ನು ಆಕೆಗೆ ಯಾರೂ ಕೇಳಿರಲಿಲ್ಲ ಎಂದು ಕಾಣುತ್ತದೆ.

"ರೈಲಲ್ಲಿ ಮೇಲಿನ ಬರ್ತು, ಅನಸೂಯಕ್ಕ," ಎಂದರು. "ಲಾರಿ ಹೋಗಿರತ್ತೆ, ಮನೆ ಬೀಗದ ಕೈ ಕೊಟ್ಟಾಗಿರತ್ತೆ. ಮರೆತಿದ್ದು ಮರೆತೋಯ್ತು. ಹೊಸಾ ಮನೆ ಇನ್ನೂ ಬಂದಿರಲ್ಲ. ಚಪ್ಪಲೀನ ಬರ್ತು ಪಕ್ಕದ ಫ್ಯಾನ್ ಮೇಲಿಟ್ಟು ಮಲಗಿಬಿಟ್ರೆ ಒಂದು ಲೋಟ ನೀರು ಅಂತಾನೂ ಯಾರೂ ಕೇಳಲ್ಲ. ಇವ್ರಿಗೆ ಮೇಲೆ ಹತ್ತೋಕೆ ಬರಲ್ಲ."

ಬುಧವಾರ ಕಟ್ಟಿಯವರು ಶಾಸ್ತ್ರವನ್ನೇ ತಲೆಕೆಳಗು ಮಾಡಬೇಕಾಯಿತು. ಕಲಿತದ್ದು ಹತ್ತು ಮೆಟ್ಟಿಲು ಕೆಳಗಿಳಿಸುವುದು, ಇಲ್ಲಿ ಬೇಕಾದದ್ದು ಸ್ಲೀಪರ್ ಬೋಗಿಯ ಏಣಿ ಹತ್ತಿಸುವುದು. ಏಣಿಗೆ ಇದ್ದದ್ದು ಮೂರೇ ಮೆಟ್ಟಿಲು. ಮೂರು ಎನ್ನುವಷ್ಟರಲ್ಲಿ ಕಮಲಾಕ್ಷಿಯವರ ಭುಜಗಳು ಇಳಿದವು, ಉಸಿರು ನೀಳವಾಯಿತು, ಕೇಳಿದಾಗ ತೋರುಬೆರಳು ಅರ್ಧ ಇಂಚು ಸೋಮಾರಿಯಾಗಿ ಎದ್ದು ಬಿತ್ತು. ನಾಲ್ಕು ಭಾನುವಾರ ಕಲಿತ ಬಾಕಿ ಏಳು ಮೆಟ್ಟಿಲುಗಳನ್ನು ಏನು ಮಾಡುವುದೆಂದು ಕಟ್ಟಿಯವರಿಗೆ ತಿಳಿಯಲಿಲ್ಲ. ಕೊಳವೆಯ ಕಿರಿದಾದ ಜಾಗವೇ ಬರ್ತು, ಯಂತ್ರದ ಬಡಿತವೇ ಗಾಲಿಯ ಸದ್ದು ಎಂದು ಮೂರು ಬಾರಿ ಹೇಳಿ, ಕಣ್ಣು ತೆರೆಸಿದರು. ಆಮೇಲೆ, ಆಕೆಯೇ ಎಣಿಸಿಕೊಂಡು ಏಣಿ ಹತ್ತುವುದನ್ನು ನಾಲ್ಕು ಸಲ ಅಭ್ಯಾಸ ಮಾಡಿಸಿದರು.

ಅದು ಒಳ್ಳೆಯದೇ ಆಯಿತು. ಗುರುವಾರ ಆಸ್ಪತ್ರೆಯಲ್ಲಿ ಸ್ಕ್ಯಾನ್ ಕೋಣೆಯೊಳಗೆ ಆಚಾರ್ಯರಿಗೆ ಪ್ರವೇಶ ಸಿಗಲಿಲ್ಲ. ಟೆಕ್ನಿಷಿಯನ್ ಮಂಥನ್ ಎಂಬ ಯುವಕ ಅವರ ವಿದ್ಯೆಯ ವಿವರಣೆಯನ್ನು ಗೌರವದಿಂದ ಕೇಳಿ, ಬಾಗಿಲು ಹಾಕಿಕೊಂಡ. ಕಟ್ಟಿಯವರೂ ಸತ್ಯಪ್ರಕಾಶರೂ ಹೊರಗಿನ ಬೆಂಚಿನ ಮೇಲೆ ಕೂತರು. ಗೋಡೆಯಾಚೆ ಯಂತ್ರ ಬಡಿಯತೊಡಗಿತು. ಹಿಂದಿನ ಎರಡು ಸಲ ಐದು ನಿಮಿಷದೊಳಗೆ ಸದ್ದು ನಿಂತಿತ್ತು. ಐದಾಯಿತು, ಹತ್ತಾಯಿತು. ಸತ್ಯಪ್ರಕಾಶರು ಗಡಿಯಾರ ನೋಡುವುದನ್ನೇ ಬಿಟ್ಟರು. ಇಪ್ಪತ್ತೈದನೇ ನಿಮಿಷಕ್ಕೆ ಯಂತ್ರ ತಾನಾಗಿ ನಿಂತಿತು. ಮಂಥನ್ ಅವಸರದಿಂದ ಬಾಗಿಲು ತೆರೆದು ಅವರನ್ನು ಒಳಗೆ ಕರೆದ.

ಹಲಗೆ ಹೊರಗೆ ಬಂದಿತ್ತು. "ಮಾಸಿ, ಥಯಿ ಗಯು," ಚಿಕ್ಕಮ್ಮಾ ಮುಗಿಯಿತು ಎಂದು ಅವನು ಗುಜರಾತಿಯಲ್ಲಿ ಎರಡು ಸಲ ಹೇಳಿದ್ದನಂತೆ. ಕಮಲಾಕ್ಷಿ ಕಣ್ಣು ತೆರೆಯದೆ ಬಲಗೈಯನ್ನು ಮೇಲೆತ್ತಿ, ಖಾಲಿ ಗಾಳಿಯಲ್ಲಿ ಏನನ್ನೋ ತಡಕಾಡುತ್ತಿದ್ದರು. ಫಿಟ್ಸ್ ಇರಬಹುದೇ ಎಂದು ಮಂಥನ್ ಹೆದರಿದ್ದ.

ಸತ್ಯಪ್ರಕಾಶರು ಒಂದು ಕ್ಷಣ ನೋಡಿದರು. ಹೊರಗೆ ಹೋಗಿ, ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿ ತಂದು ಹಲಗೆಯ ಕೆಳಗೆ ಜೋಡಿಸಿಟ್ಟರು.

"ಕಮಲಾ, ಕೆಳಗಿದೆ ಕಣೆ. ಇಳಿ."

ಚಿತ್ರ ಸ್ಪಷ್ಟವಾಗಿ ಬಂದಿತ್ತು. ಡಾಕ್ಟರು ಅಂದೇ ಸಂಜೆ ಅದನ್ನು ನೋಡಿ ಮುಂದಿನ ಬುಧವಾರಕ್ಕೆ ಆಪರೇಷನ್ ಗೊತ್ತುಮಾಡಿದರು.

ಕಟ್ಟಿಯವರು ಮನೆಗೆ ಬಂದು ನೋಟ್‌ಬುಕ್ ತೆರೆದರು. ಎಡಪುಟದಲ್ಲಿ ಹನ್ನೆರಡನೇ ತೊಂದರೆಯನ್ನು ದೊಡ್ಡ ಅಕ್ಷರದಲ್ಲಿ ಬರೆದರು. ಬಲಪುಟದಲ್ಲಿ ಅರ್ಧ ಪುಟದಷ್ಟು ಶಾಸ್ತ್ರೀಯ ವಿವರಣೆ ಬರೆದು, ಓದಿ, ಹೊಡೆದುಹಾಕಿದರು. ಅದರ ಕೆಳಗೆ, ಅಡುಗೆಮನೆಯ ಕಡೆ ಒಂದು ಸಲ ನೋಡಿಕೊಂಡು, ಸಣ್ಣ ಅಕ್ಷರದಲ್ಲಿ ಬರೆದರು: ಅನಸೂಯಳನ್ನು ಕೇಳುವುದು.