ಹ್ಯಾಂಡಲ್ ಬಿಚ್ಚುವ ಮೊದಲು

ಕೂದಲೆಳೆ ಮೇಸ್ತ್ರಿ ಎಂದರೆ ಆ ವರ್ಕ್‌ಶಾಪ್ ಶೆಡ್ಡುಗಳ ಸಾಲಿನಲ್ಲಿ ಗೊತ್ತಿಲ್ಲದವರಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಕರೆಂಟು ಬಿಲ್ಲಿನಲ್ಲಿ ಮಾತ್ರ ಉಳಿದಿತ್ತು. ಯಾರು ಕೊರೆದ ಕಬ್ಬಿಣದ ಜಾಬ್ ನೋಡಿದರೂ "ಇನ್ನೊಂದು ಕೂದಲೆಳೆ ತೆಗೀಬೇಕಿತ್ತು" ಎನ್ನದೆ ಬಿಡುತ್ತಿರಲಿಲ್ಲ. ಕೇಳಿ ಕೇಳಿ ರೋಸಿಹೋದವರು ಯಾರೋ ಈ ಹೆಸರಿಟ್ಟರು. ತಲೆ ಬೋಳಾದ ಮೇಲೂ ಹೆಸರು ಹೋಗಲಿಲ್ಲ. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ಇಪ್ಪತ್ತಾರು ವರ್ಷ ಒಂದೇ ಮಿಲ್ಲಿಂಗ್ ಮಶೀನು. ಕಬ್ಬಿಣದ ತುಂಡನ್ನು ಬಿಗಿಯಾಗಿ ಕೂರಿಸಿ, ಹ್ಯಾಂಡಲ್ ತಿರುಗಿಸಿ ತಿರುಗಿಸಿ ಟೇಬಲನ್ನು ಕಟರಿನ ಕೆಳಗೆ ನೂಕುತ್ತ, ಬೇಕಾದ ಆಕಾರಕ್ಕೆ ಕೊರೆಯುವ ಕೆಲಸ. ಟೇಬಲನ್ನು ಎಳೆಯುವ ಉದ್ದನೆಯ ಸ್ಕ್ರೂ ಎಂದೋ ಸವೆದಿತ್ತು. ಹ್ಯಾಂಡಲ್ ಮೊದಲು ಒಂದಿಷ್ಟು ಸುಮ್ಮನೆ ತಿರುಗಿ, ಆಮೇಲೆ ಟೇಬಲ್ ಕದಲುತ್ತಿತ್ತು. ಈ ಸಡಿಲವೂ ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ನಡುವೆ ಜಾಸ್ತಿ, ತುದಿಗೆ ಕಮ್ಮಿ. ಬೇರೆಯವರು ಮುಟ್ಟಿದರೆ ಜಾಬ್ ಹಾಳು, ಮೇಸ್ತ್ರಿ ಮುಟ್ಟಿದರೆ ಅಳತೆ ಅಂದರೆ ಅಳತೆ. ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಎಂಬುದು ಅವನ ಬಲಗೈಗೆ ಗೊತ್ತಿತ್ತು. ಅದರ ಜಂಬವೂ ಅವನಿಗೆ ಸಾಕಷ್ಟಿತ್ತು.

ಐವತ್ತೊಂದನೇ ವಯಸ್ಸಿಗೆ ಬಲಭುಜ ಹೋಯಿತು. ಮೊದಮೊದಲು ಅಂಗಿ ತೊಡುವಾಗ ನೋವು, ಆಮೇಲೆ ಹ್ಯಾಂಡಲ್ ಮೇಲೇರುವ ಅರ್ಧ ಸುತ್ತಿನಲ್ಲಿ ಕಣ್ಣು ಕತ್ತಲೆ ಬರುವಷ್ಟು ನೋವು. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ತಿರುಗಿಸೋ ಕೆಲಸ ಬಿಟ್ಬಿಡಿ. ಇಲ್ದಿದ್ರೆ ಊಟಕ್ಕೂ ಕೈ ಏಳಲ್ಲ" ಎಂದರು. ಬಿಟ್ಟರೆ ಇವನಿಗೆ ಬರುವ ಇನ್ನೊಂದು ಕೆಲಸವಾದರೂ ಯಾವುದು? ಡಾಕ್ಟರು ಅದನ್ನು ಹೇಳಲಿಲ್ಲ. ಸಾಲಿನಲ್ಲಿ ಯಾರಾದರೂ ಕೇಳಿದರೆ ಇವನು "ಸ್ವಲ್ಪ ಉಳುಕಿದೆ ಅಷ್ಟೇ" ಎನ್ನುತ್ತಿದ್ದ.

ಹೀಗೆ ಶೆಡ್ಡಿಗೆ ಒಂದು ಹಳೇ ಸಿಎನ್‌ಸಿ ಬಂತು. ಅಳತೆಗಳನ್ನು ಒತ್ತಿ ಕೊಟ್ಟರೆ ತಾನೇ ಕೊರೆದುಕೊಳ್ಳುವ ಮಶೀನು; ಮುಚ್ಚಿಹೋದ ಕಾರ್ಖಾನೆಯೊಂದರದು. ಮೂರು ವಾರ ಚೆನ್ನಾಗಿಯೇ ಓಡಿತು. ಕುರ್ಚಿಯಲ್ಲಿ ಕೂತು, ಟೀ ಕುಡಿಯುತ್ತ, ತನ್ನ ಕೆಲಸ ತಾನೇ ಆಗುವುದನ್ನು ಮೇಸ್ತ್ರಿ ನೋಡಿದ್ದು ಜೀವಮಾನದಲ್ಲಿ ಅದೇ ಮೊದಲು. ಪಕ್ಕದಲ್ಲಿ ಅರ ಹಿಡಿದು ಜಾಬುಗಳ ಚೂಪು ಅಂಚು ಉಜ್ಜುತ್ತಿದ್ದ ಹೆಂಡತಿ, "ನಿಮಗಿಂತ ಇದೇ ವಾಸಿ ಕಣ್ರೀ, ಬಾಯಿಲ್ಲ" ಎಂದಳು.

ನಾಲ್ಕನೇ ವಾರ ಪರದೆಯ ಮೇಲೆ, ಒಳಗಿನ ಬ್ಯಾಟರಿ ಮುಗಿಯುತ್ತಿದೆ ಎಂಬ ಸೂಚನೆ ಬಂತು. ಮೇಸ್ತ್ರಿ ಅಂಥದ್ದೇ ಬ್ಯಾಟರಿ ತಂದ. ಮೇನ್ ಸ್ವಿಚ್ ಇಳಿಸಿದ. ಸಾಲದೆಂದು ಫ್ಯೂಸನ್ನೂ ಕಿತ್ತು ಜೇಬಿಗೆ ಹಾಕಿಕೊಂಡ. ಬೆರಳು ಒರೆಸಿಕೊಂಡು, ಮಗುವಿಗೆ ಟೋಪಿ ತೊಡಿಸುವಷ್ಟು ಮೆತ್ತಗೆ ಬ್ಯಾಟರಿ ಬದಲಿಸಿದ. ಮತ್ತೆ ಸ್ವಿಚ್ ಹಾಕಿದಾಗ ಪರದೆ ತುಂಬ ಸೊನ್ನೆಗಳು. ಯಾವ ಬಟನ್ ಒತ್ತಿದರೂ ಮಶೀನು ಮಿಸುಕಲಿಲ್ಲ.

ಮೆಕ್ಯಾನಿಕ್ ಬಂದು ನೋಡಿ ಒಂದೇ ಮಾತು ಕೇಳಿದ: "ಸ್ವಿಚ್ ಆಫ್ ಮಾಡಿ ಬ್ಯಾಟರಿ ಹಾಕಿದ್ರಾ?"

"ಮತ್ತೆ? ಕರೆಂಟ್ ಇರೋ ಪೆಟ್ಟಿಗೆಗೆ ಕೈ ಹಾಕ್ತಾರಾ ಯಾರಾದ್ರೂ?"

"ಇದಕ್ಕೆ ಹಾಕ್ಬೇಕು ಮೇಸ್ತ್ರೀ. ಆನ್ ಇದ್ದಾಗ್ಲೇ ಬದಲಾಯಿಸ್ಬೇಕು. ಆಫ್ ಆದಾಗ ಇದರ ನೆನಪೆಲ್ಲ ಆ ಬ್ಯಾಟರಿ ಮೇಲೇ ನಿಂತಿರುತ್ತೆ. ಟೇಬಲ್ ಎಷ್ಟು ಉದ್ದ, ಎಲ್ಲಿ ನಿಲ್ಬೇಕು, ಮೋಟರ್ ಎಷ್ಟು ಜೋರು ಓಡ್ಬೇಕು, ಎಲ್ಲಾ ಹೋಯ್ತು."

ಆ ಲೆಕ್ಕಗಳ ಹಾಳೆಯನ್ನು ಮಶೀನಿನ ಪೆಟ್ಟಿಗೆಯ ಬಾಗಿಲ ಒಳಮೈಗೆ ಅಂಟಿಸಿರುತ್ತಾರಂತೆ. ಅಲ್ಲಿ ಗೋಂದಿನ ನಾಲ್ಕು ಕಲೆಗಳಿದ್ದವು, ಹಾಳೆಯಿರಲಿಲ್ಲ. ಮಶೀನು ಮಾರಿದವನಿಗೆ ಫೋನ್ ಮಾಡಿದರೆ, "ತುಂಬ ಕೊಳೆಯಾಗಿತ್ತು, ನೀಟಾಗಿ ಕಾಣಲಿ ಅಂತ ಕಿತ್ತು ಬಿಸಾಕಿದೆ" ಎಂದ. ಯಾರನ್ನು ಬೈಯುವುದು? ಒಬ್ಬ ನೀಟು, ಒಬ್ಬ ಜಾಗರೂಕ. ಇಬ್ಬರೂ ಸೇರಿ ಮಶೀನಿನ ತಲೆ ತೊಳೆದಿದ್ದರು.

ಮೆಕ್ಯಾನಿಕ್ ಎರಡು ದಾರಿ ಹೇಳಿದ. ಒಂದು, ಸಿಎನ್‌ಸಿಯನ್ನೇ ರಿಪೇರಿ ಮಾಡುವುದು: ಸಾವಿರಾರು ಲೆಕ್ಕಗಳನ್ನು ಒಂದೊಂದಾಗಿ ಊಹಿಸಿ ತುಂಬಬೇಕು, ನಾಲ್ಕು ತಿಂಗಳು ಹಿಡಿಯಬಹುದು, ಆಗದೆಯೂ ಹೋಗಬಹುದು. ಇನ್ನೊಂದು, ಹಳೇ ಮಿಲ್ಲಿಂಗ್ ಮಶೀನಿನ ಹ್ಯಾಂಡಲ್ ಬಿಚ್ಚಿ, ಹೊಸ ಸ್ಕ್ರೂ ಹಾಕಿ, ಮೋಟರ್ ಕೂರಿಸಿ ಅದನ್ನೇ ಸಿಎನ್‌ಸಿ ಮಾಡುವುದು. ಎರಡು ತಿಂಗಳ ಕೆಲಸ, ಆಗಿಯೇ ಆಗುತ್ತದೆ. "ಆದ್ರೆ ಒಂದ್ಸಲ ಬಿಚ್ಚಿದ್ರೆ ಮುಗಿಯೋವರೆಗೂ ಒಂದು ತುಂಡೂ ಕೊರೆಯೋಕಾಗಲ್ಲ. ಸ್ಕ್ರೂ ಹೋದ್ಮೇಲೆ ಮತ್ತೆ ಹಳೇ ಥರ ಮಾಡ್ಕೊಡಿ ಅಂತ ಕೇಳ್ಬೇಡಿ."

ಎಂಟು ದಿನ ಮೇಸ್ತ್ರಿ ಯಾವುದಕ್ಕೂ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಬೆಳಿಗ್ಗೆ ಸಿಎನ್‌ಸಿ ಎದುರು ನಿಲ್ಲುವುದು, ಮಧ್ಯಾಹ್ನ ಹಳೇ ಮಶೀನನ್ನು ಒರೆಸುವುದು. ಅಷ್ಟರಲ್ಲಿ ಪಂಪು ಕಾರ್ಖಾನೆಯಿಂದ ಫೋನು: ಆರ್ಡರು ಕೊಟ್ಟ ನಲವತ್ತು ಬ್ರಾಕೆಟ್ ಹದಿನೈದು ದಿನದಲ್ಲಿ ಬಾರದಿದ್ದರೆ ಬೇರೆ ಕಡೆ ಕೊಡುತ್ತೇವೆ ಎಂದು. ಮೇಸ್ತ್ರಿ ಹಲ್ಲು ಕಚ್ಚಿ ಹ್ಯಾಂಡಲ್ ಹಿಡಿದ. ಒಂದೂವರೆ ಬ್ರಾಕೆಟ್ಟಿಗೆ ನೆಲದ ಮೇಲೆ ಕುಸಿದು ಕೂತ.

ಹೆಂಡತಿ ಅರ ಕೆಳಗಿಟ್ಟು ಎದ್ದಳು. "ಆ ಕಡೆ ಸರೀರಿ. ನಾನು ತಿರುಗಿಸ್ತೀನಿ, ನೀವು ಹೇಳಿ."

ಹೇಳಲು ಹೋದಾಗ ತಿಳಿಯಿತು, ಹೇಳಲು ಬರುವುದಿಲ್ಲ ಎಂದು.

"ಇಲ್ಲಿ ಬಿಡು."

"ಎಷ್ಟು ಬಿಡ್ಲಿ?"

"ಸ್ವಲ್ಪ ಭಾರ ಅನ್ಸೋವರೆಗೂ."

"ಎಷ್ಟು ಭಾರ?"

ಮೇಸ್ತ್ರಿ ಗಾಳಿಯಲ್ಲಿ ಕೈ ತಿರುಗಿಸಿ ತೋರಿಸಲು ಹೋದರೆ ಕೈ ಏಳಲಿಲ್ಲ. ಐದು ತುಂಡು ಹಾಳಾದವು. ಆರನೆಯದಕ್ಕೆ ಅವಳು, "ನೀವು ದಯವಿಟ್ಟು ಸುಮ್ನಿರಿ" ಎಂದು ಅವನ ಕಡೆ ಬೆನ್ನು ಹಾಕಿ ನಿಂತು, ಕಣ್ಣು ಮುಚ್ಚಿ ತಿರುಗಿಸಿದಳು. ಮೇಸ್ತ್ರಿ ಅಳೆದ. ಮತ್ತೆ ಅಳೆದ. ಒಂದು ಕೂದಲೆಳೆಯೂ ಹೆಚ್ಚುಕಮ್ಮಿ ಇರಲಿಲ್ಲ. ಸಂತೋಷ ಆಗಬೇಕಿತ್ತು, ಆದದ್ದು ಹೊಟ್ಟೆಕಿಚ್ಚು. ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಬಂತಲ್ಲ ಎಂದು ಅವನಿಗೆ ತನ್ನ ಮೇಲೇ ನಾಚಿಕೆಯಾಯಿತು.

ಹದಿಮೂರು ದಿನದಲ್ಲಿ ನಲವತ್ತೂ ಮುಗಿದವು. ಅವಳು ತಿರುಗಿಸುವುದು, ಇವನು ಎಡಗೈಯಲ್ಲಿ ಅಳೆಯುವುದು. ಪಂಪು ಕಾರ್ಖಾನೆಯಿಂದ ಬಂದವನು ನಾಲ್ಕೈದು ಎತ್ತಿ ಪರೀಕ್ಷಿಸಿ, "ಏನೇ ಹೇಳಿ ಮೇಸ್ತ್ರೀ, ನಿಮ್ಮ ಕೈ ಅಂದ್ರೆ ಕೈ" ಎಂದ. ಹೆಂಡತಿ ಅಲ್ಲೇ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದಳು. ಮೇಸ್ತ್ರಿಯ ಬಾಯಿಂದ ಹೊರಟದ್ದು ಒಂದು "ಹೂಂ". ಇನ್ನೂ ಅರವತ್ತು ಬ್ರಾಕೆಟ್ಟಿನ ಆರ್ಡರು ಬರೆಸಿ, ಮೂರು ತಿಂಗಳ ಗಡುವು ಕೊಟ್ಟು ಅವನು ಹೋದ.

ಅವನ ಗಾಡಿ ತಿರುವು ದಾಟಿದ ಮೇಲೆ ಮೇಸ್ತ್ರಿ ಮೆಲ್ಲಗೆ ಶುರುಮಾಡಿದ. "ಯಾಕೋ ಹಳೇದನ್ನ ಬಿಚ್ಚೋದು ಬೇಡ ಅನ್ಸುತ್ತೆ ಕಣೇ. ಮಶೀನು ಹೀಗೇ ಇರ್ಲಿ. ನಿನಗೂ ಹದ ಸಿಕ್ಕಿದೆಯಲ್ಲ."

ಅವಳು ಸುತ್ತಿಗೆ ಕೆಳಗಿಟ್ಟಳು. ಜಗಳಕ್ಕೆ ನಿಲ್ಲುತ್ತಾಳೆ ಎಂದುಕೊಂಡ. ಅವಳು ದನಿ ಕೂಡ ಏರಿಸಲಿಲ್ಲ.

"ಆ ಮಶೀನು ಹಾಗೇ ಇರ್ಬೇಕು ಅಂತ ನನ್ನ ಭುಜಾನೂ ಕೊಡ್ಲಾ? ಆಮೇಲೆ ಈ ಮನೇಲಿ ಯಾರು ಯಾರಿಗೆ ಅಂಗಿ ತೊಡಿಸೋದು?"

ಎಂಟು ದಿನ ತಲೆ ಕೆಡಿಸಿಕೊಂಡಾಗ ಮೇಸ್ತ್ರಿಯ ಕಣ್ಣಿಗೆ ಎರಡು ಮಶೀನಷ್ಟೇ ಬಿದ್ದಿದ್ದವು. ಈ ಹದಿಮೂರು ದಿನ ಎದುರಿಗೇ ನಿಂತು ತಿರುಗಿಸಿದವಳು ಬಿದ್ದಿರಲಿಲ್ಲ. ಅವಳು ಮೊಳೆ ಹೊಡೆಯುವುದನ್ನು ಮುಂದುವರಿಸಿದಳು. ಅವನು ಫೋನ್ ತೆಗೆದ.

"ಹಳೇದನ್ನೇ ಬಿಚ್ಚೋಣ," ಎಂದ ಮೆಕ್ಯಾನಿಕ್ಕಿಗೆ. "ನಾಳೇನೇ ಬನ್ನಿ."

"ಯೋಚ್ನೆ ಮಾಡಿದ್ದೀರಿ ತಾನೇ?" ಮೆಕ್ಯಾನಿಕ್ ಅನುಮಾನದಿಂದ ಕೇಳಿದ. "ಆಮೇಲೆ ಕೈಯಲ್ಲಿ ತಿರುಗಿಸ್ತೀನಿ ಅಂದ್ರೂ ಆಗಲ್ಲ."

"ಈಗ್ಲೂ ಆಗಲ್ಲಪ್ಪ," ಎಂದ ಮೇಸ್ತ್ರಿ.