ಬಿಸಿಲಿಗೆ ಹೋಗದ ಕುರಿಗಾಹಿ

ಗಾಯದ ಕಲೆಗಟ್ಟಿ ಬಿಗಿದ ಶ್ವಾಸಕೋಶ ಮತ್ತೆ ಮೆತ್ತಗಾಗುವುದಿಲ್ಲ. ದಿನಾ ನುಂಗುವ ಗುಳಿಗೆ ಆ ಬಿಗಿತವನ್ನು ನಿಧಾನ ಮಾಡುತ್ತದೆ, ಅಷ್ಟೇ. ಅದನ್ನು ನುಂಗುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ.

ಅದಕ್ಕೇ, ಈ ಗುಳಿಗೆ ನುಂಗುವ ಭಾತಂಬ್ರಾ ಊರಿನ ಕುರಿಗಾಹಿ ಬಕ್ಕಪ್ಪ ಕಾಕಾ ಎರಡು ವರ್ಷದಿಂದ ನೆರಳಲ್ಲೇ ಕೂತಿದ್ದಾರೆ. ಮಗಳು ಸೋನಾಲಿ ಹಿಂಡು ಹೊಡೆದುಕೊಂಡು ಹೊರಟರೆ, ಕೊರಳಗಂಟೆ ಕೇಳಿಸುವಷ್ಟು ದೂರ ಕಿವಿಯಲ್ಲೇ ಹಿಂಬಾಲಿಸುತ್ತಾರೆ.

"ಏನ್ ಕಾಕಾ, ನವಾಬ ಆಗೀರಿ! ಕೆಮ್ಮು ನಿಂತಿಲ್ಲ, ಗುಳಿಗಿ ಯಾಕರಿ?" ಎಂದು ಕಟ್ಟೆಯ ಮಂದಿ ನಕ್ಕರು. ಕಾಕಾ ಗುಳಿಗೆ ಬಿಟ್ಟು ಹತ್ತು ದಿನ ಕುರಿ ಹಿಂದೆ ಹೋದರು.

"ಆ ಹತ್ತು ದಿನ ನಾ ನಾನಾಗಿದ್ನಿರಿ," ಅಂದರು ನನ್ನ ಮುಂದೆ. ಸೋನಾಲಿ ಅತ್ತಳೆಂದು ಮತ್ತೆ ಗುಳಿಗೆ ಶುರು ಮಾಡಿದ್ದಾರೆ.

ಇಂಥವರನ್ನು ನೋಡಿ ನೀವೂ ನಕ್ಕಿದ್ದರೆ, ಇನ್ನು ಬಾಯಿ ಮುಚ್ಚಿ. ಹೊತ್ತು ಮುಳುಗಿದ ಮೇಲೆ ಅವರ ಕೈ ಹಿಡಿದು ನಿಧಾನಕ್ಕೆ ಕುರಿದೊಡ್ಡಿತನಕ ಕರೆದೊಯ್ಯಿರಿ.