ಗೊತ್ತಿತ್ತೇ ಎಂದು ಕೇಳದ ಕೋರ್ಟು

ಆಗ್ನೆಸ್ ಥ್ರೆಲ್‌ಫಾಲ್‌ಗೆ ಮೊದಲಿನಿಂದಲೂ ಹಸಿಮಾಂಸದ ವಾಸನೆ ಆಗುತ್ತಿರಲಿಲ್ಲ. ಕಟುಕನನ್ನು ಮದುವೆಯಾದವಳು ಹೀಗೆ ಹೇಳುವುದನ್ನು ಕೇಳಿ ಥಾರ್ನ್‌ಕ್ಲಫ್ ಊರಿನ ಹೆಂಗಸರು ನಗುತ್ತಿದ್ದರು. ಗಂಡ ವಾಲ್ಟರ್ ಇದ್ದಷ್ಟು ದಿನ ಅವಳು ಅಂಗಡಿಯ ಕಡೆ ತಲೆ ಹಾಕಲಿಲ್ಲ. 1907ರಲ್ಲಿ ಅವನು ಎದೆ ಹಿಡಿದುಕೊಂಡು ಬಿದ್ದವನು ಮತ್ತೆ ಏಳಲಿಲ್ಲ. ಬೇರೆ ದಾರಿ ಕಾಣದೆ ಆಗ್ನೆಸ್ ಏಪ್ರನ್ ಕಟ್ಟಿಕೊಂಡು ಅವನ ಕತ್ತಿ ಹಿಡಿದಳು. ಮೊದಲ ವರ್ಷವೆಲ್ಲ ಆಗಾಗ ಹಿತ್ತಿಲಿಗೆ ಓಡಿ, ವಾಂತಿ ಮಾಡಿ, ಬಾಯಿ ತೊಳೆದುಕೊಂಡು ಬಂದು ಗಿರಾಕಿಗೆ ಮಾಂಸ ತೂಗಿಕೊಡುತ್ತಿದ್ದಳು.

ಆ ಹೇಸಿಗೆಯೇ ಅಂಗಡಿಗೆ ಹೆಸರು ತಂದುಕೊಟ್ಟಿತು. ಲ್ಯಾಂಕಶೈರಿನ ಆ ಗಿರಣಿ ಊರಿನಲ್ಲಿ ಏಳೆಂಟು ಮಾಂಸದಂಗಡಿಗಳಿದ್ದವು. ಬೇಸಿಗೆಯಲ್ಲಿ ಅವುಗಳ ಮುಂದೆ ಹಾಯುವವರು ಮೂಗು ಮುಚ್ಚಿಕೊಳ್ಳಬೇಕಿತ್ತು. ಆಗ್ನೆಸ್ ದಿನಕ್ಕೆ ಮೂರು ಸಲ ಕಲ್ಲಿನ ಕಟ್ಟೆಗೆ ಒಗೆಯುವ ಸೋಡಾ ಬೆರೆಸಿದ ನೀರು ಸುರಿದು ತಿಕ್ಕುತ್ತಿದ್ದಳು. ಕೊಕ್ಕೆಗಳನ್ನು ಕುದಿನೀರಿನಲ್ಲಿ ಅದ್ದುತ್ತಿದ್ದಳು. ತುಸು ಬಣ್ಣ ತಿರುಗಿದ ತುಂಡನ್ನು ನಾಯಿಗೂ ಹಾಕದೆ ಒಲೆಗೆ ಎಸೆಯುತ್ತಿದ್ದಳು. ಎದುರು ಸಾಲಿನ ಬೆಸ್ಸಿ ಕ್ರಾಂಪ್ಟನ್, ಮಗ್ಗದ ಕೆಲಸದವಳು, ಐದು ಮಕ್ಕಳ ತಾಯಿ, "ಆಗ್ನೆಸ್ ಕಟ್ಟೆ ಮೇಲೆ ಹಾಸ್ಕೊಂಡು ಮಲಗ್ಬೋದು" ಎಂದು ಕಂಡಕಂಡವರಿಗೆ ಹೇಳುತ್ತಿದ್ದಳು.

ಮಾಂಸ ಬರುತ್ತಿದ್ದುದು ಕಾಲುವೆ ದಂಡೆಯ ಜೋನಸ್ ಎಕರ್ಸ್‌ಲಿಯ ಕಸಾಯಿಖಾನೆಯಿಂದ. ವಾಲ್ಟರನ ಕಾಲದಿಂದಲೂ ಅವನದೇ ಮಾಲು. ಆಗ್ನೆಸ್ ಅಲ್ಲಿಗೆ ಒಮ್ಮೆಯೂ ಹೋದವಳಲ್ಲ. ಸುಲಿದು ಸೀಳಿದ ದನ ಗಾಡಿಯಲ್ಲಿ ಅವಳ ಬಾಗಿಲಿಗೇ ಬರುತ್ತಿತ್ತು. 1912ರ ಜೂನ್ ತಿಂಗಳ ಒಂದು ಶುಕ್ರವಾರ ಬಂದ ಅರ್ಧ ದನದ ಪಕ್ಕೆಲುಬಿನ ಒಳಭಾಗ ಒರೆಸಿಟ್ಟ ತಟ್ಟೆಯಂತಿತ್ತು. ಮೂಸಿ ನೋಡಿದಳು, ಒತ್ತಿ ನೋಡಿದಳು. ಎಷ್ಟು ಚೊಕ್ಕಟವಾಗಿ ಮಾಡಿದ್ದೀಯ ಎಂದು ಯಜಮಾನನಿಗೆ ತಿಳಿಸು ಅಂತ ಗಾಡಿಯವನ ಕೈಯಲ್ಲಿ ಹೇಳಿಯೂ ಕಳಿಸಿದಳು.

ಮರುದಿನ ಮಧ್ಯಾಹ್ನ ಆರೋಗ್ಯ ಇನ್‌ಸ್ಪೆಕ್ಟರ್ ಪಿಲ್ಲಿಂಗ್ ಅಂಗಡಿಗೆ ಬಂದ. ಊರಿನ ಅಂಗಡಿಗಳಲ್ಲಿ ಸರದಿಯಂತೆ ಮಾಂಸ ನೋಡುವುದು ಅವನ ಕೆಲಸ. ಅವನು ಮೇಲೆ ಮೇಲೆ ಮುಟ್ಟಿ ಹೋಗಲಿಲ್ಲ. ಭುಜದ ಮೂಳೆಯ ಹಿಂದೆ ಕತ್ತಿ ಇಳಿಸಿ, ಆಳದಲ್ಲಿದ್ದ ಒಂದು ಗಂಟನ್ನು ಎರಡಾಗಿ ಸೀಳಿದ. ಒಳಗಿನಿಂದ ಹಿಸುಕಿದ ಗಿಣ್ಣಿನಂಥ ಹಳದಿ ಕೀವು ಕತ್ತಿಯ ಮೇಲೆ ಹರಿಯಿತು.

"ಕ್ಷಯ, ಮಿಸೆಸ್ ಥ್ರೆಲ್‌ಫಾಲ್," ಎಂದ. "ಪಕ್ಕೆಯ ಒಳಪೊರೆ ಕಿತ್ತುಬಿಟ್ಟಿದ್ದಾರೆ ನೋಡಿ. ಅದಿದ್ದಿದ್ರೆ ಮೇಲೆಲ್ಲ ದ್ರಾಕ್ಷಿ ಗೊಂಚಲಿನ ಹಾಗೆ ಗಂಟು ಕಾಣ್ತಿತ್ತು."

ತಾನು ನಿನ್ನೆ ಹೊಗಳಿ ಕಳಿಸಿದ ಚೊಕ್ಕಟತನ ಇದೇ ಎಂದು ಆಗ್ನೆಸಳಿಗೆ ಹೊಳೆಯಿತು. ಹಿತ್ತಿಲಿಗೆ ಓಡಿ ಬಾಯಿ ತೊಳೆದುಕೊಂಡು ಬಂದಳು. ಅಷ್ಟರಲ್ಲಿ ಪಿಲ್ಲಿಂಗ್ ದನಕ್ಕೆ ಬಟ್ಟೆ ಸುತ್ತಿಸಿ, ಮ್ಯಾಜಿಸ್ಟ್ರೇಟರಿಗೆ ತೋರಿಸಲು ಗಾಡಿಗೆ ಹೇರಿಸುತ್ತಿದ್ದ.

ಬೆಳಗಿನಿಂದ ಅದೇ ದನದ ಮಾಂಸ ಐದು ಮನೆಗೆ ಹೋಗಿತ್ತು. ಅಂಗಡಿ ಮುಚ್ಚಿ, ಬುಟ್ಟಿ ಹಿಡಿದು ಅವಳು ಮನೆಮನೆ ತಿರುಗಿದಳು. ನಾಲ್ಕು ಮನೆಗಳಲ್ಲಿ ತುಂಡು ಇನ್ನೂ ಹಸಿಯಾಗಿಯೇ ಇತ್ತು. ಹಣ ಹಿಂದಿರುಗಿಸಿ ಬುಟ್ಟಿಗೆ ಹಾಕಿಕೊಂಡಳು. ಕೊನೆಯದು ಬೆಸ್ಸಿಯ ಮನೆ. ಅಲ್ಲಿ ಮಾಂಸ ಆಲೂಗಡ್ಡೆ ಈರುಳ್ಳಿಯ ಜೊತೆ ಬೆಂದು ಮೇಜಿನ ಮೇಲಿತ್ತು.

"ಪಾತ್ರೆ ಕೊಡೇ ಬೆಸ್ಸಿ. ಅದರಲ್ಲಿ ಕೀವಿತ್ತು. ನಾನೇ ಕಣ್ಣಾರೆ ನೋಡ್ದೆ."

"ಮಕ್ಕಳಿಗೆ ಏನು ಹಾಕ್ಲಿ ಹಾಗಾದ್ರೆ?"

"ದುಡ್ಡು ಕೊಡ್ತೀನಿ. ಬ್ರೆಡ್ಡು, ಗಿಣ್ಣು ಏನಾದ್ರೂ ತಗೊಂಬಾ."

ಬೆಸ್ಸಿಯ ಗಂಡ ಮೇಜಿನಿಂದ ತಲೆಯೆತ್ತದೆ, "ಬೆಂದ್ಮೇಲೆ ಎಲ್ಲಾ ಒಂದೇ, ಬಡಿಸೇ ನೀನು" ಎಂದ. ಬೆಸ್ಸಿ ಒಂದು ಗಳಿಗೆ ಆಗ್ನೆಸಳ ಮುಖ ನೋಡಿ, ಸೌಟು ತೆಗೆದುಕೊಂಡಳು. ಕಿರಿಯ ಹುಡುಗಿ ತಟ್ಟೆಯ ಸಾರನ್ನು ಬ್ರೆಡ್ಡಿನಿಂದ ಒರೆಸಿ ತಿನ್ನುವುದನ್ನು ಆಗ್ನೆಸ್ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಅವರಲ್ಲಿ ಯಾರಿಗೂ ಏನೂ ಆಗಲಿಲ್ಲ. ಆದರೆ ಆ ತಟ್ಟೆಯ ನೆನಪು ಬಂದಾಗಲೆಲ್ಲ ಅವಳು ಉಣ್ಣುತ್ತಿದ್ದುದನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು.

ಅಂದು ಸಂಜೆಯೇ ನಾಲ್ಕೂ ತುಂಡುಗಳನ್ನು ಪಿಲ್ಲಿಂಗನ ಕೈಗೆ ಒಪ್ಪಿಸಿದಳು. ಬೆಸ್ಸಿಯ ಮಕ್ಕಳ ಮೇಲೆ ಡಾಕ್ಟರು ಒಂದು ಕಣ್ಣಿಡಲಿ ಎಂದೂ ಕೇಳಿಕೊಂಡಳು. ಪಿಲ್ಲಿಂಗ್ ಎಲ್ಲವನ್ನೂ ಬರೆದುಕೊಂಡ. ಎರಡು ವಾರದ ಮೇಲೆ ಸಮನ್ಸ್ ಬಂತು, ಒಂದಲ್ಲ, ಐದು. ಕಾನೂನಿನಲ್ಲಿ ಕೆಟ್ಟ ಮಾಂಸದ ಒಂದೊಂದು ತುಂಡೂ ಒಂದೊಂದು ಅಪರಾಧ. ಅಂಗಡಿಯಲ್ಲಿ ಸಿಕ್ಕಿದ್ದು ಒಂದು, ಅವಳೇ ಮನೆಮನೆ ಅಲೆದು ತಂದುಕೊಟ್ಟಿದ್ದು ನಾಲ್ಕು. ಸುಮ್ಮನೆ ಬಾಗಿಲು ಹಾಕಿಕೊಂಡು ಕೂತಿದ್ದರೆ ಒಂದರಲ್ಲೇ ಮುಗಿಯುತ್ತಿತ್ತು ಎಂದು ವಕೀಲ ಹೇಳಿದಾಗ ಆಗ್ನೆಸ್ ಆ ಕಾಗದಗಳನ್ನು ಎರಡು ಬೆರಳ ತುದಿಯಲ್ಲಿ ಎತ್ತಿ ಅವನ ಕಡೆ ಸರಿಸಿದಳು.

ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರ ಪೀಠದ ನಡುವೆ ಗೌರವ ಮ್ಯಾಜಿಸ್ಟ್ರೇಟರಾಗಿ ಕೂತಿದ್ದವರು ಗಿರಣಿ ಮಾಲೀಕ ಬಾರ್ಟನ್ ಕ್ಲೆಗ್. ಅವರ ಮನೆಯ ಅಡುಗೆಯವಳು ವಾರವಾರವೂ ಆಗ್ನೆಸಳ ಅಂಗಡಿಗೇ ಬರುತ್ತಿದ್ದಳು. ಎಕರ್ಸ್‌ಲಿ ಟೋಪಿ ಕೈಯಲ್ಲಿ ಹಿಡಿದು ಬಂದು, ತನ್ನ ಬಾಗಿಲು ದಾಟುವಾಗ ದನ ಚೆನ್ನಾಗಿಯೇ ಇತ್ತು, ಪೊರೆ ಕಿತ್ತವರು ಯಾರೋ ತನಗೆ ತಿಳಿಯದು ಎಂದ. ಅವನು ಹೇಳಿದ್ದು ಸುಳ್ಳು ಎಂದು ಪಿಲ್ಲಿಂಗನಿಗೂ ಗೊತ್ತಿತ್ತು; ಕರುಳು, ಶ್ವಾಸಕೋಶ ಎಲ್ಲ ಎಂದೋ ಕಾಲುವೆ ಸೇರಿದ್ದರಿಂದ ಕೈಯಲ್ಲಿ ಸಾಕ್ಷಿ ಇರಲಿಲ್ಲ. ಆಗ್ನೆಸಳ ವಕೀಲ ಎದ್ದು, ಹೊರಗಿನಿಂದ ನೋಡಿದ ಯಾರಿಗೂ ಈ ರೋಗ ತಿಳಿಯುವಂತಿರಲಿಲ್ಲ ಎಂದು ಶುರುಮಾಡಿದ. ಕ್ಲೆಗ್ ಕೈಯೆತ್ತಿ ತಡೆದರು.

"ನಿಮಗೆ ಗೊತ್ತಿತ್ತು ಅಂತ ಇಲ್ಲಿ ಯಾರೂ ಹೇಳ್ತಿಲ್ಲಮ್ಮ," ಎಂದು ನೇರವಾಗಿ ಅವಳಿಗೇ ಹೇಳಿದರು. "ಗೊತ್ತಿರ್ಬೇಕು ಅಂತ ಕಾನೂನು ಕೇಳೋದೂ ಇಲ್ಲ. ಮಾಂಸ ಕೆಟ್ಟಿತ್ತು, ನಿಮ್ಮ ಅಂಗಡೀಲಿ ಮಾರಾಟಕ್ಕಿತ್ತು. ಅಷ್ಟು ಸಾಕು."

"ಹಾಗಾದ್ರೆ ನನ್ನನ್ನ ಯಾಕೆ ಕರೆಸಿದ್ರಿ ಸಾರ್? ಆ ಮಾಂಸಾನೇ ಕಟಕಟೇಲಿ ನಿಲ್ಲಿಸ್ಬೋದಿತ್ತಲ್ಲ."

ಹಿಂದೆ ಕೂತವರು ನಕ್ಕರು. ಕ್ಲೆಗ್‌ರ ಕಿವಿ ಕೆಂಪಾಯಿತು. ಮಾರುವವರೆಲ್ಲ ಗೊತ್ತಿರಲಿಲ್ಲ ಎಂದು ಕೈತೊಳೆದುಕೊಂಡರೆ ಊರಿನ ಹೊಟ್ಟೆ ಕಾಯುವವರು ಯಾರು ಎಂದು ಗುಮಾಸ್ತ ಮೆಲ್ಲಗೆ ಅವಳಿಗೆ ವಿವರಿಸಿದ. ಒಟ್ಟು ಹತ್ತು ಪೌಂಡ್ ದಂಡ, ತೆರದಿದ್ದರೆ ಒಂದು ತಿಂಗಳು ಜೈಲು. ಅವಳು ತೆತ್ತಳು.

ಕ್ಷಯದ ಮಾಂಸ ಮಾರಿದ ವಿಧವೆ ಎಂದು ಪತ್ರಿಕೆಯಲ್ಲಿ ಬಂತು. ಭಾನುವಾರ ಪ್ರಾರ್ಥನಾ ಮಂದಿರದಲ್ಲಿ ಅವಳ ಬೆಂಚಿನ ಉಳಿದ ಜಾಗ ಖಾಲಿಯಾಯಿತು. ಗಿರಾಕಿಗಳು ಅರ್ಧಕ್ಕರ್ಧ ಕಡಿಮೆಯಾದರು. ಅದನ್ನೆಲ್ಲ ನುಂಗಿಕೊಂಡಳು. ನುಂಗಲಾಗದ್ದು ಬೆಸ್ಸಿಯ ಮಾತು. ಬಟ್ಟೆ ಒಣಹಾಕುವಲ್ಲಿ ನಿಂತು ಬೆಸ್ಸಿ, ದೇವರ ದಯೆ, ತನ್ನ ಮಕ್ಕಳು ಅಂಥಾ ಹೊಲಸು ತಿನ್ನದೆ ಬಚಾವಾದವು ಎಂದು ಹೇಳಿಕೊಂಡು ತಿರುಗುತ್ತಿದ್ದಳು.

ಮುಂದಿನ ಮಂಗಳವಾರ ಆಗ್ನೆಸ್ ಎಕರ್ಸ್‌ಲಿಯ ಕಸಾಯಿಖಾನೆಗೆ ನಡೆದು ಹೋದಳು. ನೆಲದಲ್ಲಿ ಹೆಪ್ಪುಗಟ್ಟಿದ ರಕ್ತ ಬೂಟಿಗೆ ಅಂಟುತ್ತಿತ್ತು. ಮೂಲೆಯಲ್ಲಿ ಸುರಿದ ಕರುಳಿನ ರಾಶಿಯಿಂದ ಬಿಸಿ ಹಬೆ ಏಳುತ್ತಿತ್ತು, ಅದರ ಮೇಲೆ ನೊಣಗಳು ಕಂಬಳಿ ಹೊದಿಸಿದಂತೆ ಕೂತಿದ್ದವು. ಅವಳು ಮೋರಿಯ ಪಕ್ಕ ಕೂತು ವಾಂತಿ ಮಾಡಿದಳು. ಆಳುಗಳು ನಕ್ಕರು. ಬಾಯಿ ಒರೆಸಿಕೊಂಡು ಎದ್ದು ಬಂದು ಎಕರ್ಸ್‌ಲಿಗೆ ಹೇಳಿದಳು:

"ಇನ್ಮೇಲೆ ನಾನು ತಗೊಳ್ಳೋ ದನಾನ ನನ್ನ ಕಣ್ಣೆದುರಿಗೇ ಸೀಳ್ಬೇಕು. ನಾನು ನೋಡೋವರ್ಗೂ ಒಳಗಿಂದೇನೂ ತೆಗೀಬಾರ್ದು."

"ವಾಲ್ಟರ್ ಇಪ್ಪತ್ತು ವರ್ಷ ನನ್ನ ನಂಬಿದ್ದ."

"ಅವನ ಅದೃಷ್ಟ, ಪಿಲ್ಲಿಂಗ್ ಬರೋ ಮುಂಚೆ ಸತ್ತ."

ಯಾವ ಗಂಟು ಎಲ್ಲಿರುತ್ತದೆ ಎಂದು ಪಿಲ್ಲಿಂಗನನ್ನೇ ಕೇಳಿ ಕಲಿತಳು. ಅವನು ರಜೆಯ ದಿನಗಳಲ್ಲಿ ಬಂದು, ಸ್ವಲ್ಪ ಮುಜುಗರದಿಂದಲೇ ಕಲಿಸಿಕೊಟ್ಟ. ಕಾನೂನಿಗೆ ಬೇಕಾಗಿದ್ದುದೂ ಇದೇ ಅಲ್ಲವೇ ಎಂದು ಒಂದು ದಿನ ಅಂದ. ಇರಬಹುದು, ಆದರೆ ಬಾಯಲ್ಲಿ ಹೇಳಿದ್ದರೂ ತಾನು ಕಲಿಯುತ್ತಿದ್ದೆ ಎಂದಳು ಆಗ್ನೆಸ್. ಆರು ತಿಂಗಳಲ್ಲಿ ಎರಡು ದನ ಬೇಡವೆಂದು ತಿರುಗಿಸಿದಳು.

ಮರುವರ್ಷ ಫೆಬ್ರುವರಿಯಲ್ಲಿ, ಎಂದಿನ ಮಂಗಳವಾರ ಬಿಟ್ಟು ಒಂದು ಗುರುವಾರ, ಹೇಳದೆ ಕೇಳದೆ ಹೋದಳು. ಹಿಂದಿನ ಕೊಟ್ಟಿಗೆಯಲ್ಲಿ ಮಾರಾಟಕ್ಕೆ ತೂಗುಹಾಕಿದ ಒಂದು ದನದ ಪಕ್ಕೆ ಬೋಳಾಗಿತ್ತು. ಕೆಳಗಿನ ಬೋಗುಣಿಯಲ್ಲಿ ಕಿತ್ತ ಪೊರೆ, ಅದರ ತುಂಬ ಬೂದುಬಣ್ಣದ ಗಂಟಿನ ಗೊಂಚಲು. ಅವಳು ಬೀದಿಗೆ ಹೋಗಿ, ಹಾಯುತ್ತಿದ್ದ ಕಲ್ಲಿದ್ದಲ ಗಾಡಿಯವನನ್ನು ಪಿಲ್ಲಿಂಗನ ಬಳಿಗೆ ಓಡಿಸಿದಳು. ಹಿಂತಿರುಗುವಷ್ಟರಲ್ಲಿ ಬೋಗುಣಿ ಕಾಲುವೆಗೆ ಖಾಲಿಯಾಗಿತ್ತು. ಒಂದು ಬಕೆಟ್ಟನ್ನು ಬೋರಲು ಹಾಕಿ ಅವಳು ದನದ ಕೆಳಗೇ ಕೂತಳು. ಎಕರ್ಸ್‌ಲಿ ಮೊದಲು ಪುಸಲಾಯಿಸಿದ, ಆಮೇಲೆ ಬೈದ, ಕೊನೆಗೆ ಎತ್ತಿ ಬಿಸಾಡುತ್ತೇನೆ ಎಂದ. ಆಳುಗಳು ನೋಡುತ್ತಿದ್ದರು. ಮೇಲಿನಿಂದ ಏನೋ ತೊಟ್ಟಿಕ್ಕಿ ಅವಳ ಭುಜದ ಮೇಲೆ ಬಿತ್ತು. ಅಂಗಿಯ ತೋಳಿನಿಂದಲೇ ಒರೆಸಿಕೊಂಡು, ಎದ್ದೇಳದೆ, ಪಿಲ್ಲಿಂಗ್ ಬರುವವರೆಗೆ ಕೂತೇ ಇದ್ದಳು.

ಪಿಲ್ಲಿಂಗ್ ಬಂದು ಸೀಳಿದ ಗಂಟಿನಲ್ಲಿ ಅದೇ ಹಳದಿ ಕೀವಿತ್ತು. ಎಕರ್ಸ್‌ಲಿಯ ಕೇಸಿನ ದಿನ ಅವಳು ಜನರ ಸಾಲಿನಲ್ಲಿ ಕೂತಿದ್ದಳು. ರೋಗವಿದ್ದುದು ತನಗೆ ಗೊತ್ತೇ ಇರಲಿಲ್ಲ ಎಂದು ಅವನು ಬೈಬಲ್ ಮುಟ್ಟಿ ಹೇಳಿದ. ಬೋಗುಣಿ ತಾನು ನೋಡಿದೆ ಎಂದು ಹೇಳಲು ಆಗ್ನೆಸ್ ಎದ್ದು ನಿಂತಳು. ಅದರ ಅಗತ್ಯವಿಲ್ಲ ಎಂದು ಗುಮಾಸ್ತ ಕೂರಿಸಿದ. ಅವನಿಗೆ ಗೊತ್ತಿತ್ತೋ ಇಲ್ಲವೋ ಎಂಬುದು ಕೋರ್ಟಿಗೆ ಬೇಕಾಗಿಲ್ಲ ಎಂದು ಕ್ಲೆಗ್ ಹೇಳಿದರು. ಹತ್ತು ಪೌಂಡ್ ದಂಡ ಹಾಕಿದರು.

ಕೋರ್ಟಿನ ಮೆಟ್ಟಿಲ ಬಳಿ ಪಿಲ್ಲಿಂಗ್ ಖುಷಿಯಾಗಿ ಬಂದ. "ಗೊತ್ತಿತ್ತು ಅಂತ ರುಜುವಾತು ಮಾಡ್ಬೇಕಾಗಿದ್ದಿದ್ರೆ ಅವನು ಇವತ್ತು ನಗ್ತಾ ಮನೆಗೆ ಹೋಗ್ತಿದ್ದ."

ಅದು ನಿಜವೆಂದು ಆಗ್ನೆಸಳಿಗೂ ತಿಳಿಯಿತು. ತಿಳಿದದ್ದರಿಂದಲೇ ಮೈಯೆಲ್ಲ ಕೊಳೆಯಾದಂತೆನಿಸಿತು.

"ನಿಮ್ಮ ಪುಸ್ತಕದಲ್ಲಿ ಅವನೂ ನಾನೂ ಒಂದೇ, ಅಲ್ವಾ?" ಎಂದಳು.

 ಉತ್ತರಕ್ಕೆ ಕಾಯದೆ ಇಳಿದು ಹೋದಳು.

ಎಕರ್ಸ್‌ಲಿ ವರ್ಷದೊಳಗೆ ಕಸಾಯಿಖಾನೆ ಮಾರಿ ಊರು ಬಿಟ್ಟ. ಆಗ್ನೆಸ್ ಮುಂದಿನ ಹದಿನಾರು ವರ್ಷ ಅಂಗಡಿ ನಡೆಸಿದಳು, ಪ್ರತಿ ಮಂಗಳವಾರ ದನ ಸೀಳುವಲ್ಲಿ ನಿಂತಳು, ತಾನು ಮಾತ್ರ ದನದ ಮಾಂಸವನ್ನು ಮತ್ತೆ ಬಾಯಿಗಿಡಲಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ಹಿಂದಿರುಗಿದರು. ಬೆಸ್ಸಿಯೂ ಬಂದಳು, ಮತ್ತೊಂದು ಅಂಗಡಿಯ ಮಾಂಸ ನಾರುತ್ತದೆ ಎಂದು ಮೂಗು ಮುರಿಯುತ್ತ. ಆಗ್ನೆಸ್ ಕೇಳಿದಷ್ಟು ಕತ್ತರಿಸಿ, ತೂಗಿ, ಕಾಗದದಲ್ಲಿ ಸುತ್ತಿಕೊಟ್ಟಳು.